ಗದ್ದೆಯ ನೀರು, ಮೆದುಳಿನ ಉರಿ



ಬಳ್ಳಾರಿ ಜಿಲ್ಲೆಯ ಕೆಂಚನಗುಡ್ಡದಿಂದ ಸಿರುಗುಪ್ಪದ ಕಡೆಗೆ ಹೊರಟರೆ ಕಣ್ಣು ಹಾಯಿಸಿದಲ್ಲೆಲ್ಲ ಭತ್ತದ ಗದ್ದೆ. ತುಂಗಭದ್ರೆಯ ನೀರು ನಿಂತ ಈ ಮಡಿಗಳಲ್ಲಿ ಕ್ಯೂಲೆಕ್ಸ್ ಸೊಳ್ಳೆ ಮೊಟ್ಟೆ ಇಡುತ್ತದೆ. ಕೊಕ್ಕರೆ, ಹಂದಿಗಳ ರಕ್ತದಲ್ಲಿರುವ ಜಪಾನೀಸ್ ಎನ್ಸೆಫಲೈಟಿಸ್ ವೈರಸ್ಸನ್ನು ಮಕ್ಕಳಿಗೆ ದಾಟಿಸುವುದೂ ಅದೇ. ಸೋಂಕು ತಗುಲಿದ ಬಹುಪಾಲು ಮಕ್ಕಳಿಗೆ ಏನೂ ಆಗುವುದಿಲ್ಲ. ಕೆಲವರಿಗೆ ಮಾತ್ರ ಮೆದುಳು ಜ್ವರ ಬಂದು, ಫಿಟ್ಸ್ ಶುರುವಾಗುತ್ತದೆ. ಬದುಕಿ ಮನೆಗೆ ಬಂದರೂ ಕೆಲವು ಮಕ್ಕಳಿಗೆ ಆ ಫಿಟ್ಸ್ ಬಿಟ್ಟು ಹೋಗುವುದಿಲ್ಲ.

ಫಿಟ್ಸ್ ಬಂದ ಮಗುವಿನ ಮುಷ್ಟಿ ಬಿಡಿಸಿ ಬೀಗದ ಕೈ ಇಡುವವರು ಈಗಲೂ ಇದ್ದಾರೆ. ಅದರಿಂದ ಪ್ರಯೋಜನವಿಲ್ಲ, ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಬೇಕು. ಫಿಟ್ಸಿಗೆ ವೈದ್ಯರ ಕೈಗೆ ಮೊದಲು ಸಿಕ್ಕ ಫಲಕಾರಿ ಮದ್ದು 1857ರ ಬ್ರೋಮೈಡ್. 1912ರಲ್ಲಿ ಫಿನೋಬಾರ್ಬಿಟೋನ್, 1938ರಲ್ಲಿ ಫೆನಿಟೋಯಿನ್ ಬಂದವು. ಎಲ್ಲವೂ ಮೆದುಳಿನ ವಿದ್ಯುತ್ ಆರ್ಭಟಕ್ಕೆ ಕಡಿವಾಣ ಹಾಕುವಂಥವೇ. ಆದರೂ ರೋಗಿಗಳಲ್ಲಿ ಸುಮಾರು ಮೂರನೇ ಒಂದು ಪಾಲು ಮಂದಿಗೆ ಮಾತ್ರೆ ನಾಟುವುದಿಲ್ಲ. ಸರಿಯಾಗಿ ಆರಿಸಿದ ಎರಡು ಔಷಧಗಳಿಗೂ ಬಗ್ಗದಿದ್ದರೆ ಅದು ಔಷಧಕ್ಕೆ ಮಣಿಯದ ಮೂರ್ಛೆರೋಗ ಎಂದು 2010ರಲ್ಲಿ ಅಂತರರಾಷ್ಟ್ರೀಯ ತಜ್ಞರು ಗೆರೆ ಎಳೆದರು.

ಹಾಗಾದರೆ ಅಡ್ಡಿ ಎಲ್ಲಿ? ಸುಳಿವು 1958ರಲ್ಲೇ ಸಿಕ್ಕಿತ್ತು. ಕೆನಡಾದ ಮಾಂಟ್ರಿಯಲ್‌ನಲ್ಲಿ ಶಸ್ತ್ರವೈದ್ಯ ಥಿಯೊಡೋರ್ ರಾಸ್ಮುಸೆನ್ ಮತ್ತು ಸಂಗಡಿಗರು ಎಡೆಬಿಡದೆ ಫಿಟ್ಸ್ ಬರುತ್ತಿದ್ದ ಮಕ್ಕಳ ಮೆದುಳಿನ ತುಣುಕನ್ನು ಸೂಕ್ಷ್ಮದರ್ಶಕದಡಿ ನೋಡಿದಾಗ ಕಂಡದ್ದು ಉರಿಯೂತ. ಅದೇ ವರ್ಷ ಬೆಲ್ಜಿಯಂನ ವೈದ್ಯ ಸೊರೆಲ್, ಸಲಾಮು ಹೊಡೆದಂತೆ ಮತ್ತೆಮತ್ತೆ ಮುಂದಕ್ಕೆ ಬಾಗಿಸುವ ಫಿಟ್ಸ್ ಇದ್ದ ಹಸುಗೂಸುಗಳಿಗೆ ಎಸಿಟಿಎಚ್ ಎಂಬ ಹಾರ್ಮೋನ್ ಕೊಟ್ಟು ಗುಣ ಕಂಡರು. ಅದು ಫಿಟ್ಸ್ ಔಷಧವೇ ಅಲ್ಲ! ಯಾಕೆ ನಾಟುತ್ತದೆಂದು ಪೂರ್ತಿ ತಿಳಿಯದೆಯೇ ವೈದ್ಯರು ಅದನ್ನು ಬಳಸುತ್ತ ಬಂದರು.

ನಮ್ಮ ಪಕ್ಕದ ತಮಿಳುನಾಡಿನ ವೆಲ್ಲೂರಿನಲ್ಲೂ ಇದರ ಒಂದು ಅಧ್ಯಾಯವಿದೆ. ಫಿಟ್ಸ್ ಬಂದವರ ಮೆದುಳಿನ ಸ್ಕ್ಯಾನಿನಲ್ಲಿ ಕಾಣುವ ಸಣ್ಣ ಗಂಟನ್ನು ಕ್ಷಯದ ಗಂಟೆಂದು ಎಣಿಸಿ ಚಿಕಿತ್ಸೆ ಕೊಡುವ ರೂಢಿಯಿತ್ತು. ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಅವರು, ಅವುಗಳಲ್ಲಿ ಬಹಳಷ್ಟು ಲಾಡಿಹುಳದ ಸಾಯುತ್ತಿರುವ ಮರಿಗಳೆಂದು ತೋರಿಸಿಕೊಟ್ಟರು. ಮರಿ ಸಾಯುವಾಗ ಸುತ್ತಲೂ ಏಳುವ ಉರಿಯೂತವೇ ಫಿಟ್ಸ್ ತರುತ್ತದೆ.

ಇಟಲಿಯ ಮಿಲಾನ್‌ನಲ್ಲಿ ಅನ್ನಮರಿಯಾ ವೆಜ್ಜಾನಿ ಅವರ ಪ್ರಯೋಗಗಳು ಈ ಉರಿಯೂತದ ಕಥೆಗೊಂದು ತಿರುವು ಕೊಟ್ಟವು. ಫಿಟ್ಸ್ ಬಂದಾಗ ಮೆದುಳಿನಲ್ಲಿ ಇಂಟರ್‌ಲ್ಯೂಕಿನ್-1 ಬೀಟಾ ಎಂಬ ಉರಿಯೂತದ ಸಂಕೇತವಸ್ತು ಹೆಚ್ಚುತ್ತದೆ, ಅದು ಮುಂದಿನ ಫಿಟ್ಸಿಗೆ ದಾರಿ ಮಾಡುತ್ತದೆ. ಒಲೆಯೇ ತನಗೆ ಬೇಕಾದ ಸೌದೆ ತಂದುಕೊಂಡ ಹಾಗೆ. 2016ರಲ್ಲಿ ಇಂಟರ್‌ಲ್ಯೂಕಿನ್-1ಕ್ಕೆ ತಡೆಯೊಡ್ಡುವ, ಸಂಧಿವಾತದ ಔಷಧ ಅನಾಕಿನ್ರಾದಿಂದ ಎಡೆಬಿಡದ ಫಿಟ್ಸಿದ್ದ ಅಮೆರಿಕದ ಒಂದು ಮಗು ಚೇತರಿಸಿಕೊಂಡ ವರದಿ ಬಂತು. ಒಂದು ಮಗುವಿನ ಕಥೆ ಸಾಕ್ಷಿಯಾಗದು, ನಿಜ. ಉರಿಯೂತ ತಗ್ಗಿಸಲೆಂದು ಸ್ಟೀರಾಯ್ಡನ್ನು ನಾವಾಗಿಯೇ ಕೊಡುವುದಂತೂ ಅಪಾಯ.

ಬಳ್ಳಾರಿಗೆ ನಿಜವಾಗಿ ಒದಗಿದ್ದು ಈ ಮದ್ದುಗಳಲ್ಲ, ಲಸಿಕೆ. 2006ರಲ್ಲಿ ಮೆದುಳು ಜ್ವರದ ಲಸಿಕೆ ಅಭಿಯಾನ ದೇಶದ 11 ಜಿಲ್ಲೆಗಳಲ್ಲಿ ಶುರುವಾದಾಗ ಕರ್ನಾಟಕದಿಂದ ಸೇರಿದ್ದು ಬಳ್ಳಾರಿಯೊಂದೇ. ಈಗ ಆ ಲಸಿಕೆಯ ಮೊದಲ ಡೋಸ್ 9 ತಿಂಗಳು ತುಂಬಿದಾಗ, ಎರಡನೆಯದು 16ರಿಂದ 24 ತಿಂಗಳೊಳಗೆ. ತಾಯಿ ಕಾರ್ಡಿನಲ್ಲಿ ಎರಡೂ ಕಡೆ ಗುರುತು ಬಿದ್ದಿದೆಯೇ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ ನೋಡಿ.