‘ಬ್ಯಾಡ’ ಅನ್ನುವುದನ್ನೂ ಕಲಿಸೋಣ



ನಾಲತವಾಡದಲ್ಲಿ ಸಮ್ಮತಿಯ ಬಗ್ಗೆ ಮಾತಾಡುವೆನೆಂದಾಗ ಹಿರಿಯರೊಬ್ಬರು, “ಮಠದಾಗ ಇಂಥಾ ಮಾತು ಯಾಕವ್ವಾ?” ಎಂದರು. ನಾನು ಅಕ್ಕಮಹಾದೇವಿಯನ್ನು ನೆನಪಿಸಿದೆ.

ಹರಿಹರನ ರಗಳೆಯಲ್ಲಿ ಉಡುತಡಿಯ ಅರಸ ಕೌಶಿಕ, ತಂದೆತಾಯಿಗಳನ್ನು ಬೆದರಿಸಿ ಅಕ್ಕನನ್ನು ಒಪ್ಪಿಸುತ್ತಾನೆ. ಅಕ್ಕ ಷರತ್ತು ಹಾಕಿಯೇ ಅರಮನೆಗೆ ಹೋಗುತ್ತಾಳೆ. ಅವನು ಮೂರು ಸಲ ಮಾತು ಮುರಿದಾಗ ಹೊರಟುಬಿಡುತ್ತಾಳೆ. ಪಾಠ ಅಲ್ಲೇ ಇದೆ. ಹೆದರಿಸಿ ಪಡೆದದ್ದು ಒಪ್ಪಿಗೆಯಲ್ಲ. ಸುಮ್ಮನಿದ್ದರೆ ಒಪ್ಪಿದಂತಲ್ಲ. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು.

ನಾನು ಶಿಕ್ಷಕಿ. “ಹಿರಿಯರಿಗೆ ಎದುರಾಡಬ್ಯಾಡ್ರಿ” ಎಂದು ವರ್ಷಗಟ್ಟಲೆ ಕಲಿಸಿದವಳು. ಒಂದು ದಿನ ಒಬ್ಬ ಹುಡುಗಿ, “ದೊಡ್ಡವರು ಮೈ ಮುಟ್ಟಿದ್ರೂ ಸುಮ್ಮನಿರಬೇಕೇನ್ರಿ ಟೀಚರ್?” ಎಂದಳು. ದೂರು ಕೊಡಿಸಿದೆವು. ಆದರೆ ಅಷ್ಟು ದಿನ ಅವಳ ಬಾಯಿ ಕಟ್ಟಿದ್ದು ನನ್ನ ಪಾಠವೇ. ಅದು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಶಿಕ್ಷಕರೇ, ವಸತಿನಿಲಯದ ಸಿಬ್ಬಂದಿಯವರೇ, 2012ರ ಪೋಕ್ಸೊ ಕಾಯ್ದೆಯಲ್ಲಿ 18 ತುಂಬದವರ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿರುವುದು ಅಪರಾಧ. ಕೈಕೆಳಗಿನವರ ಕೃತ್ಯ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ ಸಜೆಯುಂಟು. 10 ಜನ ದುಡಿಯುವಲ್ಲೆಲ್ಲ, 2013ರ ಕಾಯ್ದೆಯಂತೆ, ಹೆಣ್ಣುಮಕ್ಕಳ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಸಂಸ್ಥೆಯ ಮರ್ಯಾದೆ ಮುಚ್ಚಿಡುವುದರಲ್ಲಿಲ್ಲ, ಮಗುವಿನ ಮಾತು ಕೇಳುವುದರಲ್ಲಿದೆ.

ಮಕ್ಕಳೇ, ಗುರುಗಳಿರಲಿ, ಸೋದರಮಾವನಿರಲಿ, “ಬ್ಯಾಡ” ಅನ್ನಿರಿ. ಅನ್ನಲಾಗದಿದ್ದರೂ ತಪ್ಪು ನಿಮ್ಮದಲ್ಲ. 1098ಕ್ಕೆ ಫೋನ್ ಮಾಡಿರಿ, ಗಂಡುಹುಡುಗರೂ ಮಾಡಿರಿ.

ಮೈಮೇಲೆ ಲಿಂಗ ಧರಿಸಿದ ನಾವು ಇನ್ನೊಬ್ಬರ ಮೈಯನ್ನೂ ಅಷ್ಟೇ ಪವಿತ್ರವೆಂದು ಕಾಣೋಣ.