ಕುಣಿತ, ಚಹ ಮತ್ತು ಐರಿಷ್ ನುಡಿ

(ಕಾಲೇಜೊಂದರ ಕನ್ನಡ ಸಂಘದ ವರ್ಷಾರಂಭದ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ನಿಮ್ಮ ಸಂಘದ ಕಾರ್ಯದರ್ಶಿಗಳು ನನ್ನನ್ನು ಕರೆಯಲು ಬಂದಾಗ ವರ್ಷದ ಕಾರ್ಯಕ್ರಮಗಳ ಪಟ್ಟಿಯನ್ನು ತುಸು ಸಂಕೋಚದಿಂದಲೇ ಕೈಗಿತ್ತರು. ಅದರಲ್ಲಿ ಒಂದು ಕೋಲಾಟದ ಸಂಜೆ, ಒಂದು ಪ್ರವಾಸ, ಒಂದು ಅಂತ್ಯಾಕ್ಷರಿ, ಒಂದು ಊಟದ ಹಬ್ಬ ಇದ್ದವು. 'ಗಂಭೀರವಾದದ್ದು ಅಂತ ಇರುವುದು ನಿಮ್ಮ ಉಪನ್ಯಾಸ ಒಂದೇ ಸಾರ್' ಎಂದು ಸಮಾಧಾನ ಹೇಳಿದರು. ವರ್ಷವಿಡೀ ನಡೆಯಬೇಕಾದ ಗಾಂಭೀರ್ಯವನ್ನೆಲ್ಲ ಒಬ್ಬನ ತಲೆಗೆ ಕಟ್ಟಿದರೆ ಹೇಗೆ? ಆದ್ದರಿಂದ ಕುಣಿತ, ಚಹ, ಹರಟೆಗಳನ್ನೇ ಗಂಭೀರವಾಗಿ ತೆಗೆದುಕೊಂಡ ಇನ್ನೊಂದು ವಿದ್ಯಾರ್ಥಿ ಸಂಘದ ಸಂಗತಿಯನ್ನು ಹೇಳಬೇಕೆಂದುಕೊಂಡೆ. ಅದು ಇರುವುದು ಐರ್ಲೆಂಡಿನ ರಾಜಧಾನಿ ಡಬ್ಲಿನ್ ನಗರದ ಟ್ರಿನಿಟಿ ಕಾಲೇಜಿನಲ್ಲಿ. ಹೆಸರು 'ಅನ್ ಕುಮನ್ ಗೇಲಖ್', ಅಂದರೆ ಗೇಲಿಕ್ ಸಂಘ. ಸ್ಥಾಪನೆಯಾದದ್ದು 1907ರಲ್ಲಿ.

ಈ ಸಂಘಕ್ಕೂ ಮೊದಲೇ ಹುಟ್ಟಿದ್ದು ಅದು ನಡೆಸುವ ಕುಣಿತದ ಕೂಟ. ಅದನ್ನು 'ಕೇಲಿ' ಎನ್ನುತ್ತಾರೆ. ನಮ್ಮ 'ಕೇಳಿ' ಎಂಬ ಮಾತಿಗೂ ಇದಕ್ಕೂ ಸಂಬಂಧವಿಲ್ಲ, ಆದರೂ ಕಿವಿಗೆ ಹಿತವಾಗಿದೆ. ಮೂಲದಲ್ಲಿ ಕೇಲಿ ಎಂದರೆ ಕುಣಿತವೇ ಅಲ್ಲ. ಸಂಜೆಯ ಹೊತ್ತು ನೆರೆಮನೆಗೆ ಹೋಗಿ ಒಲೆಯ ಮುಂದೆ ಕುಳಿತು ಕಥೆ, ಹಾಡು, ಊರ ಸುದ್ದಿ ಎಂದು ಕಾಲ ಕಳೆಯುವುದು ಕೇಲಿ. ನಮ್ಮ ಹಳ್ಳಿಗಳ ಜಗಲಿ ಹರಟೆಯಂಥದು. ಸಭಾಂಗಣವೊಂದನ್ನು ಬಾಡಿಗೆಗೆ ಹಿಡಿದು, ವಾದ್ಯದವರನ್ನು ಕೂರಿಸಿ ನಡೆಸಿದ ಮೊದಲ ಕೇಲಿ ಐರ್ಲೆಂಡಿನಲ್ಲಿ ಆದದ್ದಲ್ಲ. ಅದು ನಡೆದದ್ದು ಲಂಡನ್ನಿನ ಬ್ಲೂಮ್ಸ್‌ಬರಿ ಹಾಲಿನಲ್ಲಿ, 1897ರ ಅಕ್ಟೋಬರ್ 30ರಂದು. ಏರ್ಪಡಿಸಿದವರು ಗೇಲಿಕ್ ಲೀಗಿನ ಲಂಡನ್ ಶಾಖೆಯವರು. ಅವರಲ್ಲಿ ಮುಖ್ಯರಾದ ಫಿನ್ಯಾನ್ ಮಕ್ ಕೊಲಮ್ ಎಂಬವರು ಆಗ ಕೆಲಸಕ್ಕಿದ್ದದ್ದು ಇಂಡಿಯಾ ಆಫೀಸಿನಲ್ಲಿ, ನಮ್ಮ ದೇಶವನ್ನು ಆಳುತ್ತಿದ್ದ ಅದೇ ಕಚೇರಿಯಲ್ಲಿ! ಹಗಲು ಸಾಮ್ರಾಜ್ಯದ ಕಡತ, ಸಂಜೆ ಗೇಲಿಕ್ ಕುಣಿತ. ಲಂಡನ್ನಿನಲ್ಲಿದ್ದ ಸ್ಕಾಟ್ಲೆಂಡಿನವರು ಇಂಥ ಕೂಟಗಳನ್ನು ನಡೆಸುತ್ತಿದ್ದುದನ್ನು ನೋಡಿ ಇವರು ಅದನ್ನು ಎತ್ತಿಕೊಂಡರು. ಆ ಮೊದಲ ಸಂಜೆ ಐರಿಷ್ ರಾಗಗಳಿಗೆ ಅವರು ಕುಣಿದದ್ದು ಯೂರೋಪಿನ ಕ್ವಾಡ್ರಿಲ್ ಮತ್ತು ವಾಲ್ಟ್ಸ್‌ಗಳನ್ನು. ಊರು ಬಿಟ್ಟು ಬಂದ ಗುಮಾಸ್ತರು, ಉಪಾಧ್ಯಾಯರು ಪರದೇಶದಲ್ಲಿ ಕಟ್ಟಿದ ವೇಷ, ಇಪ್ಪತ್ತು ವರ್ಷ ಕಳೆಯುವುದರೊಳಗೆ ಐರ್ಲೆಂಡಿನ ಪುರಾತನ ಸಂಪ್ರದಾಯವೆಂದು ಊರಿಗೆ ಮರಳಿತ್ತು.

ಇದನ್ನು ಗೇಲಿಗಾಗಿ ಹೇಳುತ್ತಿಲ್ಲ. ಸೇಂಟ್ ಪ್ಯಾಟ್ರಿಕ್ ದಿನದ ಮೆರವಣಿಗೆಯ ಕಥೆಯೂ ಹೀಗೆಯೇ. ನ್ಯೂಯಾರ್ಕಿನಲ್ಲಿ ಅದು 1762ರಿಂದ ಇದೆ. ಡಬ್ಲಿನ್ನಿನಲ್ಲಿ ಸರ್ಕಾರದ ವತಿಯಿಂದ ನಡೆಯತೊಡಗಿದ್ದು 1931ರಲ್ಲಿ. ಅಮೆರಿಕದಲ್ಲಿ ಆ ದಿನ ಬಿಯರಿಗೆ ಹಸಿರು ಬಣ್ಣ ಬೆರೆಸಿ ಕುಡಿಯುತ್ತಾರೆ, ಆದರೆ ಐರ್ಲೆಂಡಿನಲ್ಲಿ 1927ರಿಂದ ದಶಕಗಳ ಕಾಲ ಆ ದಿನ ಮದ್ಯದಂಗಡಿ ಮುಚ್ಚಬೇಕೆಂಬ ಕಾನೂನಿತ್ತು. ಮನೆಯಲ್ಲಿರುವವನಿಗೆ ತನ್ನ ಮನೆ ಕಾಣಿಸುವುದಿಲ್ಲ, ದೂರ ಹೋದವನಿಗೆ ಕಾಣಿಸುತ್ತದೆ, ಮತ್ತು ಸ್ವಲ್ಪ ಬಣ್ಣ ಬಳಿದೇ ಕಾಣಿಸುತ್ತದೆ.

ಈ ಆತುರದ ಹಿಂದೆ ಒಂದು ದೊಡ್ಡ ನಷ್ಟವಿತ್ತು. 1845ರಿಂದ ಆಲೂಗಡ್ಡೆಗೆ ರೋಗ ತಗುಲಿ ಬಿದ್ದ ಬರಗಾಲದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಸತ್ತವರಲ್ಲಿ, ಹೋದವರಲ್ಲಿ ಐರಿಷ್ ಆಡುವ ಬಡವರೇ ಬಹುಮಂದಿ. 1851ರ ಜನಗಣತಿಯಲ್ಲಿ ಆ ಭಾಷೆ ಬಲ್ಲವರು ಸುಮಾರು ಹದಿನೈದು ಲಕ್ಷ, ನಾಲ್ಕರಲ್ಲಿ ಒಬ್ಬರಿಗೂ ಕಡಿಮೆ. ಇಂಗ್ಲಿಷ್ ಬಂದರೆ ಅಮೆರಿಕದಲ್ಲಿ ಕೂಲಿ ಸಿಕ್ಕೀತು ಎಂದು ತಾಯಂದಿರೇ ಮಕ್ಕಳ ಬಾಯಿಂದ ತಾಯ್ನುಡಿಯನ್ನು ಬಿಡಿಸಿದರು. ಅವರನ್ನು ದೂರುವ ಹಕ್ಕು ಯಾರಿಗೂ ಇಲ್ಲ. 1893ರಲ್ಲಿ ಡಗ್ಲಾಸ್ ಹೈಡ್, ಓನ್ ಮಕ್‌ನೀಲ್ ಮುಂತಾದವರು ಕೂಡಿ ಗೇಲಿಕ್ ಲೀಗ್ ಕಟ್ಟಿದಾಗ ಅವರ ಎದುರಿಗಿದ್ದದ್ದು ಇಂಥ ಭಾಷೆ. ಹೈಡ್ ಪ್ರಾಟೆಸ್ಟಂಟ್ ಪಾದ್ರಿಯ ಮಗ. ಐರಿಷನ್ನು ಕಲಿತದ್ದು ಹಳ್ಳಿಯ ಮುದುಕರ ಬಾಯಿಂದ. ಓದಿದ್ದು ಟ್ರಿನಿಟಿಯಲ್ಲೇ.

ಟ್ರಿನಿಟಿಯೆಂದರೆ 1592ರಲ್ಲಿ ಎಲಿಜಬೆತ್ ರಾಣಿಯ ಸನದಿನಿಂದ ಹುಟ್ಟಿದ ವಿದ್ಯಾಲಯ, ಇಂಗ್ಲಿಷ್ ಆಳ್ವಿಕೆಯ ಭದ್ರಕೋಟೆ. ಅದರ ಗ್ರಂಥಾಲಯದಲ್ಲಿ 'ಬುಕ್ ಆಫ್ ಲೆನ್‌ಸ್ಟರ್'ನಂಥ ಅಮೂಲ್ಯ ಐರಿಷ್ ಹಸ್ತಪ್ರತಿಗಳಿದ್ದವು, ಒಬ್ಬ ಐರಿಷ್ ಪ್ರಾಧ್ಯಾಪಕರೂ ಇದ್ದರು. ಸತ್ತ ಭಾಷೆಯಾಗಿ ಐರಿಷ್ ಅಲ್ಲಿ ಗೌರವಾನ್ವಿತವೇ. ಆದರೆ ಬದುಕಿರುವ ಭಾಷೆಯೆಂದು ಅದು ಬಾಗಿಲು ತಟ್ಟಿದರೆ ಮುಖ ಕಿವುಚುತ್ತಿದ್ದರು. ಶಾಲೆಗಳಲ್ಲಿ ಐರಿಷ್ ಕಲಿಸಬೇಕೇ ಎಂದು 1899ರಲ್ಲಿ ಆಯೋಗವೊಂದು ವಿಚಾರಣೆ ನಡೆಸಿದಾಗ ಟ್ರಿನಿಟಿಯ ಇಬ್ಬರು ಘನ ವಿದ್ವಾಂಸರು, ಜಾನ್ ಪೆಂಟ್ಲೆಂಡ್ ಮಹಾಫಿ ಮತ್ತು ರಾಬರ್ಟ್ ಅಟ್ಕಿನ್ಸನ್, ಆ ಸಾಹಿತ್ಯದಲ್ಲಿ ಮಕ್ಕಳಿಗೆ ಕಲಿಸಲು ಯೋಗ್ಯವಾದದ್ದೇನೂ ಇಲ್ಲವೆಂಬ ಅರ್ಥದ ಸಾಕ್ಷ್ಯ ಕೊಟ್ಟರು. ಹೈಡ್ ಸುಮ್ಮನಿರಲಿಲ್ಲ, ಯೂರೋಪಿನ ಭಾಷಾಶಾಸ್ತ್ರಜ್ಞರಿಂದ ಪತ್ರ ತರಿಸಿ ಉತ್ತರ ಕೊಟ್ಟರು. ಹೀಗಿರುವ ಆವರಣದೊಳಗೇ ಎಂಟು ವರ್ಷಗಳ ಮೇಲೆ ಕೆಲವು ವಿದ್ಯಾರ್ಥಿಗಳು ಗೇಲಿಕ್ ಸಂಘ ಕಟ್ಟಿದರು. ಅವರ ಎದೆಗಾರಿಕೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು.

1914ರಲ್ಲಿ ಅದು ಪರೀಕ್ಷೆಗೆ ಬಂತು. ದೇಶಭಕ್ತ ಕವಿ, ಪತ್ರಿಕಾಕರ್ತ ಥಾಮಸ್ ಡೇವಿಸ್ ಹುಟ್ಟಿ ನೂರು ವರ್ಷವಾಗಿತ್ತು. ಡೇವಿಸ್ ಟ್ರಿನಿಟಿಯ ಹಳೆಯ ವಿದ್ಯಾರ್ಥಿ. ಸಂಘದವರು ಶತಮಾನೋತ್ಸವದ ಸಭೆಗೆ ಕವಿ ಯೇಟ್ಸ್‌ರನ್ನೂ, ಪ್ಯಾಟ್ರಿಕ್ ಪಿಯರ್ಸ್ ಎಂಬ ಶಾಲಾ ಮುಖ್ಯಸ್ಥರನ್ನೂ ಕರೆದರು. ಪಿಯರ್ಸ್ ಐರಿಷ್‌ನಲ್ಲಿ ಕಥೆ, ಕವಿತೆ ಬರೆಯುವವರು. ಅಷ್ಟೇ ಆಗಿದ್ದರೆ ತಕರಾರಿರಲಿಲ್ಲ. ಯುದ್ಧ ಶುರುವಾಗಿತ್ತು, ಬ್ರಿಟಿಷ್ ಸೈನ್ಯಕ್ಕೆ ಐರಿಷ್ ಯುವಕರು ಸೇರಬಾರದೆಂದು ಅವರು ಹೇಳುತ್ತಿದ್ದರು. ಆಗ ಕಾಲೇಜಿನ ಪ್ರೊವೋಸ್ಟ್ ಆಗಿದ್ದವರು ಅದೇ ಮಹಾಫಿ. ಪಿಯರ್ಸ್ ಎಂಬ ಆಸಾಮಿ ಯಾರೋ ತಮಗೆ ಗೊತ್ತೇ ಇಲ್ಲವೆಂಬ ಧಾಟಿಯಲ್ಲಿ ಪತ್ರ ಬರೆದು ಆವರಣದೊಳಗೆ ಸಭೆ ಕೂಡದೆಂದರು. ಅತಿಥಿಯನ್ನು ಕೈಬಿಡುವ ಬದಲು ಸಂಘದವರು ಆವರಣವನ್ನೇ ಬಿಟ್ಟರು. ನವೆಂಬರ್ 20ರಂದು ಸಮೀಪದ ಗ್ರೇಟ್ ಬ್ರನ್ಸ್‌ವಿಕ್ ಬೀದಿಯ ಸಂಗೀತ ಭವನದಲ್ಲಿ ಸಭೆ ನಡೆಯಿತು. ವೇದಿಕೆಯಲ್ಲಿ ಯೇಟ್ಸ್, ಪಿಯರ್ಸ್, ಜೊತೆಗೆ ಬ್ರಿಟಿಷ್ ಸೈನ್ಯಕ್ಕೆ ಸೇರಿದ್ದ ಟಾಮ್ ಕೆಟಲ್. ಎರಡು ವರ್ಷ ತುಂಬುವ ಮೊದಲೇ ಪಿಯರ್ಸ್ ಮತ್ತು ಕೆಟಲ್ ಇಬ್ಬರೂ ಇಲ್ಲವಾದರು. 1916ರ ಮೇ 3ರಂದು ಈಸ್ಟರ್ ಬಂಡಾಯದ ನಾಯಕನೆಂದು ಪಿಯರ್ಸ್‌ರನ್ನು ಬ್ರಿಟಿಷರು ಗುಂಡಿಟ್ಟು ಕೊಂದರು. ಅದೇ ಸೆಪ್ಟೆಂಬರಿನಲ್ಲಿ ಫ್ರಾನ್ಸಿನ ಸಾಮ್ ರಣರಂಗದಲ್ಲಿ ಬ್ರಿಟಿಷ್ ಸಮವಸ್ತ್ರದಲ್ಲೇ ಕೆಟಲ್ ಸತ್ತರು. ಅಂಥ ಇಬ್ಬರನ್ನು ಒಂದೇ ವೇದಿಕೆಗೆ ತಂದದ್ದು ವಿದ್ಯಾರ್ಥಿಗಳ ಒಂದು ಸಂಘ. ಟ್ರಿನಿಟಿಯ ಪಕ್ಕದ ಆ ಬೀದಿಗೆ, ಪಿಯರ್ಸ್ ಹುಟ್ಟಿದ್ದೂ ಅಲ್ಲೇ, ಈಗ ಪಿಯರ್ಸ್ ಬೀದಿ ಎಂದೇ ಹೆಸರು.

ಆ ಬಂಡಾಯದ ಸುದ್ದಿ ಮದರಾಸಿಗೂ ಬಂತು, ಅಲ್ಲಿಂದ ಅದರ ಎಳೆಯೊಂದು ನಮ್ಮ ಮೈಸೂರಿಗೂ ಬರುತ್ತದೆ. ಬೆಲ್‌ಫಾಸ್ಟಿನಲ್ಲಿ ಹುಟ್ಟಿ, ಯೇಟ್ಸ್‌ರ ಕಾಲದ ಸಾಹಿತ್ಯ ಚಳವಳಿಯಲ್ಲಿ ಬೆಳೆದ ಜೇಮ್ಸ್ ಕಸಿನ್ಸ್ 1915ರಲ್ಲಿ ಆನಿ ಬೆಸೆಂಟರ ಪತ್ರಿಕೆಯಲ್ಲಿ ದುಡಿಯಲು ಮದರಾಸಿಗೆ ಬಂದಿದ್ದರು. ಬಂಡಾಯವನ್ನು ಮೆಚ್ಚಿ ಲೇಖನ ಬರೆದು ಆ ಕೆಲಸ ಕಳೆದುಕೊಂಡರು. 1924ರಲ್ಲಿ ಅವರು ಮೈಸೂರಿಗೆ ಬಂದಾಗ ಹತ್ತೊಂಬತ್ತರ ಒಬ್ಬ ವಿದ್ಯಾರ್ಥಿ ತಾನು ಬರೆದ ಇಂಗ್ಲಿಷ್ ಕವನಗಳನ್ನು ತೋರಿಸಿದ. ಅವನ ಇಂಗ್ಲಿಷ್ ಸಂಕಲನವೊಂದು ಎರಡು ವರ್ಷದ ಹಿಂದೆಯೇ ಅಚ್ಚಾಗಿತ್ತು. ಕಸಿನ್ಸ್ ನೋಡಿ, ನಿನ್ನ ಭಾಷೆಯಲ್ಲಿ ಬರೆ ಎಂದರು. ಆ ವಿದ್ಯಾರ್ಥಿ ಯಾರೆಂದು ಈ ಸಭೆಯಲ್ಲಿ ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಕುವೆಂಪು. ಸ್ವತಃ ಕಸಿನ್ಸ್ ಕವಿತೆ ಬರೆದದ್ದು ಇಂಗ್ಲಿಷಿನಲ್ಲಿ. ತನ್ನ ನಾಡಿನ ನುಡಿ ಕೈತಪ್ಪಿದವನಿಗೆ ಇನ್ನೊಬ್ಬನ ಕೈತಪ್ಪುತ್ತಿರುವುದು ಬೇಗ ಕಂಡಿತು ಎಂದು ನನಗೆ ಅನ್ನಿಸುತ್ತದೆ.

ಮತ್ತೆ ಡಬ್ಲಿನ್ನಿಗೆ ಹೋಗೋಣ. 1922ರಲ್ಲಿ ಸ್ವಂತ ಸರ್ಕಾರ ಬಂತು. ಐರಿಷ್ ಶಾಲೆಯಲ್ಲಿ ಕಡ್ಡಾಯವಾಯಿತು, ಸರ್ಕಾರಿ ನೌಕರಿಗೆ ಅರ್ಹತೆಯಾಯಿತು, 1937ರ ಸಂವಿಧಾನದಲ್ಲಿ ಪ್ರಥಮ ಅಧಿಕೃತ ಭಾಷೆಯಾಯಿತು. ಹೈಡ್ 1938ರಲ್ಲಿ ದೇಶದ ಮೊದಲ ಅಧ್ಯಕ್ಷರಾದರು. ಇದಕ್ಕಿಂತ ಇನ್ನೇನು ಬೇಕು? ಆದರೆ ಭಾಷೆ ಪರೀಕ್ಷೆಯ ಕೋಣೆಯೊಳಗೇ ಉಳಿಯಿತು. ಪೆಗ್ ಸೇಯರ್ಸ್ ಎಂಬ ದ್ವೀಪದ ಮುದುಕಿ ಹೇಳಿ ಬರೆಸಿದ ಆತ್ಮಕಥೆ ದಶಕಗಳ ಕಾಲ ಪಠ್ಯವಾಗಿತ್ತು. ಒಳ್ಳೆಯ ಪುಸ್ತಕ, ಆದರೆ ಅದರ ಹೆಸರು ಹೇಳಿದರೆ ಇಂದಿಗೂ ಎರಡು ತಲೆಮಾರಿನ ಐರಿಷರು ಹಲ್ಲುನೋವು ಬಂದವರಂತೆ ಮುಖ ಮಾಡುತ್ತಾರೆ. 2022ರ ಜನಗಣತಿಯಲ್ಲಿ ಐರಿಷ್ ಬರುತ್ತದೆಂದವರು ಹದಿನೆಂಟು ಲಕ್ಷಕ್ಕೂ ಹೆಚ್ಚು. ಶಾಲೆಯ ಹೊರಗೆ ದಿನವೂ ಆಡುತ್ತೇವೆಂದವರು ಸುಮಾರು 72 ಸಾವಿರ.

ಟ್ರಿನಿಟಿಯ ಸಂಘ ಕೆಲಸ ಮಾಡುವುದು ಈ ಎರಡು ಅಂಕಿಗಳ ನಡುವೆ. ಭಾಷೆ ಗೊತ್ತಿದೆ, ಆಡಲು ನಾಚಿಕೆ. ಎದುರಿನವನಿಗೆ ಬರುತ್ತದೋ ಇಲ್ಲವೋ ತಿಳಿಯದು, ತಪ್ಪಾದರೆ ಮೇಷ್ಟರ ಕೆಂಪು ಶಾಯಿಯ ನೆನಪು. ಹಿಂದಿನವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು: ಕೋಟಿಗೆ ಸಿಕ್ಕಿಸುವ ಸಣ್ಣ ಉಂಗುರದಾಕಾರದ ಪಿನ್ನು, 'ಫಾನ್ಯ'. ಅದನ್ನು ಧರಿಸಿದವನೊಡನೆ ನೇರವಾಗಿ ಐರಿಷಿನಲ್ಲಿ ಮಾತು ತೆಗೆಯಬಹುದು. ಸಂಘದ್ದು ಇದೇ ತರ್ಕ, ಆದರೆ ಪಿನ್ನಿನ ಬದಲು ಕೋಣೆ. ಕಾಲೇಜಿನೊಳಗೆ ಐರಿಷಿಗೆಂದೇ ಒಂದು ಕೋಣೆಯಿದೆ, ಅಲ್ಲಿ ಚಹ ಸಿಗುತ್ತದೆ. ಹೊಸಬರಿಗೆ ಪಾಠ, ಗೇಲ್ಟಖ್ಟ್ ಎನ್ನುವ ಐರಿಷ್ ಆಡುವ ಸೀಮೆಗಳಿಗೆ ಪ್ರವಾಸ, ವರ್ಷಕ್ಕೊಮ್ಮೆ 'ಏಗ್ಶ' ಎಂಬ ಉತ್ಸವ, ಪಿಟೀಲು ಕೊಳಲುಗಳ ಬೈಠಕ್, ಮತ್ತು ಕೇಲಿ.

ಕೇಲಿಯ ಒಂದು ಕುಣಿತವನ್ನಾದರೂ ವಿವರಿಸಬೇಕು. 'ವಾಲ್ಸ್ ಆಫ್ ಲಿಮರಿಕ್' ಎಂದು ಅದರ ಹೆಸರು. ಒಂದು ಜೋಡಿ ಇನ್ನೊಂದು ಜೋಡಿಗೆ ಎದುರಾಗಿ ನಿಲ್ಲುತ್ತದೆ. ಕೈ ಹಿಡಿದು ಮುಂದೆ ಬರುವುದು, ಹಿಂದೆ ಸರಿಯುವುದು, ಮತ್ತೊಮ್ಮೆ ಹಾಗೆಯೇ. ಆಮೇಲೆ ಎದುರುಬದುರಿನವರು ಜಾಗ ಬದಲಿಸಿಕೊಳ್ಳುತ್ತಾರೆ, ಮೊದಲು ಹೆಂಗಸರು, ನಂತರ ಗಂಡಸರು. ಎದುರಿನವರ ಕೈ ಹಿಡಿದು ಪಕ್ಕಕ್ಕೆ ಹೋಗಿ ಬಂದು, ಕೊನೆಗೆ ನಾಲ್ವರೂ ಗಿರಗಿರನೆ ತಿರುಗಿ, ಪ್ರತಿಯೊಂದು ಜೋಡಿಯೂ ಬೆನ್ನ ಹಿಂದೆ ಕಾದಿರುವ ಹೊಸ ಜೋಡಿಗೆ ಮುಖ ಮಾಡುತ್ತದೆ. ಮತ್ತೆ ಮೊದಲಿನಿಂದ. ಹೀಗೆ ಅರ್ಧ ಗಂಟೆಯಲ್ಲಿ ಸಭಾಂಗಣದ ಬಹುಮಂದಿಯ ಕೈ ಹಿಡಿದಾಗಿರುತ್ತದೆ. ಯಾರನ್ನೂ ಪರಿಚಯ ಮಾಡಿಸಬೇಕಾಗಿಲ್ಲ. ಹೆಜ್ಜೆಗಳನ್ನು ಮುಂದಾಳೊಬ್ಬ ಕೂಗಿ ಹೇಳುತ್ತಾನೆ. ತಪ್ಪು ಕಡೆ ತಿರುಗಿದವನನ್ನು ಎದುರಿನವರೇ ಭುಜ ಹಿಡಿದು ಸರಿ ನಿಲ್ಲಿಸುತ್ತಾರೆ, ನಗುತ್ತಾರೆ, ಮುಂದೆ ಹೋಗುತ್ತಾರೆ. ಕಾಲಿನ ತಪ್ಪಿಗೆ ಅಂಜದವನು ನಾಲಗೆಯ ತಪ್ಪಿಗೂ ಅಷ್ಟಾಗಿ ಅಂಜುವುದಿಲ್ಲ.

ಇದರಿಂದ ಭಾಷೆ ಉಳಿದೀತೇ? ನನಗೆ ಪೂರ್ತಿ ನಂಬಿಕೆಯಿಲ್ಲ. ಗೇಲ್ಟಖ್ಟ್ ಸೀಮೆಗಳಲ್ಲಿ ಮನೆಮಾತಾಗಿ ಅದು ಕುಗ್ಗುತ್ತಲೇ ಇದೆ. ಅಲ್ಲಿ ಉದ್ಯೋಗವಿಲ್ಲದಿದ್ದರೆ ಡಬ್ಲಿನ್ನಿನ ಕುಣಿತ ಏನು ಮಾಡೀತು? ಲೀಗಿನವರ ಶುದ್ಧಾಚಾರದ ಹುಚ್ಚೂ ಕಡಿಮೆಯದಲ್ಲ. ಕ್ವಾಡ್ರಿಲ್‌ನಿಂದ ಬಂದದ್ದೆಂದು ಹಳ್ಳಿಗರ 'ಸೆಟ್' ಕುಣಿತಗಳನ್ನೇ ಅವರು ದೂರವಿಟ್ಟಿದ್ದರು, ಅವು ಮತ್ತೆ ಮನ್ನಣೆ ಪಡೆದದ್ದು 1980ರ ದಶಕದಲ್ಲಿ. ಮೊದಲ ಕೇಲಿಯಲ್ಲಿ ತಾವೇ ಕ್ವಾಡ್ರಿಲ್ ಕುಣಿದದ್ದನ್ನು ಮರೆತರು ನೋಡಿ.

ಆದರೂ ಪರೀಕ್ಷೆ ಮುಗಿಸಿ ಪುಸ್ತಕ ಮಾರಿಬಿಟ್ಟ ಹತ್ತೊಂಬತ್ತರ ಹುಡುಗನೊಬ್ಬ ಆ ಕೋಣೆಗೆ ಬರುತ್ತಾನೆಂದುಕೊಳ್ಳಿ. ಶಾಲೆಯಲ್ಲಿ ಅವನು ಬರಗಾಲದ ಮೇಲೆ ಪ್ರಬಂಧ ಬರೆದಿದ್ದಾನೆ, ಆದರೆ ಸಕ್ಕರೆ ಕೊಡು ಎಂದು ಐರಿಷಿನಲ್ಲಿ ಯಾರನ್ನೂ ಕೇಳಿಲ್ಲ. ಇಲ್ಲಿ ಕೇಳಬೇಕಾಗುತ್ತದೆ. ಮಾತು ಸಾಲದೆ ಬಂದಾಗ ನಡುವೆ ಇಂಗ್ಲಿಷ್ ಹಾಕುತ್ತಾನೆ, ಯಾರೂ ತಿದ್ದುವುದಿಲ್ಲ, ಸಕ್ಕರೆ ಬರುತ್ತದೆ.

ಹೊರಗೆ ನಮ್ಮ ಚಹವೂ ಆರುತ್ತಿದೆ ಎಂದು ಕಾರ್ಯದರ್ಶಿಗಳು ಆಗಲೇ ಎರಡು ಸಲ ಸನ್ನೆ ಮಾಡಿದರು.