ನೆವವಲ್ಲದ ನೋವು



ಬೆನ್ನುನೋವು ಮುಪ್ಪಿನ ಸ್ವತ್ತೆಂದು ನಾವು ನಂಬಿದ್ದೇವೆ. 13 ವರ್ಷದ ಹುಡುಗನೊಬ್ಬ ಬೆನ್ನು ನೋಯುತ್ತದೆಯೆಂದರೆ ಶಾಲೆ ತಪ್ಪಿಸುವ ನೆವವೆಂದು ನಗುತ್ತೇವೆ. ವೈದ್ಯನಾದ ನಾನೂ ಒಮ್ಮೆ ಹಾಗೆ ನಕ್ಕವನೇ. ಕ್ಷಕಿರಣದ ಚಿತ್ರದಲ್ಲಿ ನನಗೇನೂ ಕಾಣಲಿಲ್ಲ. “ಪುಸ್ತಕದ ಚೀಲ ಭಾರವಾಗಿರಬೇಕಮ್ಮ” ಎಂದು ತಾಯಿಗೆ ಸಮಾಧಾನ ಹೇಳಿ ಕಳುಹಿಸಿದೆ. ನಾಲ್ಕು ತಿಂಗಳ ಮೇಲೆ ಆಕೆ ಮತ್ತೆ ಬಂದಾಗ ಹುಡುಗನ ಬೆನ್ನು ಒಂದು ಪಕ್ಕಕ್ಕೆ ಬಾಗಿತ್ತು. “ರಾತ್ರಿ ಎರಡು ಗಂಟೆಗೆ ಎದ್ದು ಕೂರುತ್ತಾನೆ, ಡಾಕ್ಟ್ರೆ. ನೆವ ಹೂಡುವ ಮಗು ಆ ಹೊತ್ತಿನಲ್ಲಿ ಹೂಡೀತೆ?” ಎಂದು ಆಕೆ ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಆ ಪ್ರಶ್ನೆಯಲ್ಲಿಯೇ ರೋಗದ ಸುಳಿವಿತ್ತು. ಅದು ಆಸ್ಟಿಯಾಯ್ಡ್ ಆಸ್ಟಿಯೋಮ ಎಂಬ ಮೂಳೆಯ ಗಡ್ಡೆ. 1935ರಲ್ಲಿ ಅಮೆರಿಕದ ಹೆನ್ರಿ ಜ್ಯಾಫೆ ಇದನ್ನು ಪ್ರತ್ಯೇಕ ವ್ಯಾಧಿಯೆಂದು ವಿವರಿಸಿದರು. ಇದು ಕ್ಯಾನ್ಸರ್ ಅಲ್ಲ. ಬೇರೆ ಅಂಗಗಳಿಗೆ ಹಬ್ಬುವುದಿಲ್ಲ. ಇದರ ತಿರುಳು ಸಾಮಾನ್ಯವಾಗಿ ಒಂದೂವರೆ ಸೆಂಟಿಮೀಟರನ್ನು ಮೀರದು. ಆದರೆ ಅದು ಪ್ರೋಸ್ಟಾಗ್ಲಾಂಡಿನ್ ಎಂಬ ದ್ರವ್ಯವನ್ನು ಹೇರಳವಾಗಿ ಉತ್ಪಾದಿಸಿ ನೋವನ್ನು ಕೆರಳಿಸುತ್ತದೆ. ಆ ಉತ್ಪತ್ತಿಯನ್ನು ತಡೆಯುವ ಆಸ್ಪಿರಿನ್ನಿನಂತಹ ಔಷಧಗಳಿಂದ ನೋವು ಬೇಗನೆ ತಗ್ಗುವುದೂ ಒಂದು ಕುರುಹು. ಹಾಗೆಂದು ಮಕ್ಕಳಿಗೆ ನೀವೇ ಆಸ್ಪಿರಿನ್ ಕೊಟ್ಟು ಪರೀಕ್ಷಿಸಬಾರದು. ಕೆಲವು ಜ್ವರಗಳಲ್ಲಿ ಅದು ಮಕ್ಕಳಿಗೆ ಅಪಾಯಕರ.

ಬೆನ್ನು ಬಾಗಿದ್ದೇಕೆ? ಗಡ್ಡೆಯಿರುವ ಪಕ್ಕದ ಸ್ನಾಯುಗಳು ನೋವಿನಿಂದ ಬಿಗಿದು ಬೆನ್ನನ್ನು ಅತ್ತ ಸೆಳೆಯುತ್ತವೆ. ಗಡ್ಡೆ ಹೆಚ್ಚಾಗಿ ಬೆಳೆಯುವುದು ಬೆನ್ನುಮಣಿಯ ಹಿಂಬದಿಯ ಕಮಾನಿನಲ್ಲಿ. ಅಲ್ಲಿ ಮೂಳೆಯ ನೆರಳುಗಳು ಒಂದರ ಮೇಲೊಂದು ಬೀಳುವುದರಿಂದ ಕ್ಷಕಿರಣದ ಕಣ್ಣಿಗೆ ಅದು ತಪ್ಪಿಸಿಕೊಳ್ಳಬಹುದು. ಬೋನ್ ಸ್ಕ್ಯಾನ್ ಅದರ ನೆಲೆಯನ್ನು ಸೂಚಿಸುತ್ತದೆ, ಸಿ.ಟಿ. ಸ್ಕ್ಯಾನ್ ಅದರ ತಿರುಳನ್ನೇ ತೋರಿಸುತ್ತದೆ. ಇದರ ಬಂಧುವಾದ ಆಸ್ಟಿಯೋಬ್ಲಾಸ್ಟೋಮ ಎರಡು ಸೆಂಟಿಮೀಟರಿಗೂ ಮೀರಿ ಬೆಳೆದು ನರಗಳನ್ನು ಅದುಮಬಲ್ಲದು. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯವನ್ನೂ ವೈದ್ಯರು ಮರೆಯುವಂತಿಲ್ಲ.

ಚಿಕಿತ್ಸೆಯುಂಟು. ಔಷಧದಿಂದ ನೋವು ಹಿಡಿತಕ್ಕೆ ಬಾರದಿದ್ದರೆ, ಅಥವಾ ಬೆನ್ನು ಬಾಗತೊಡಗಿದರೆ, ಗಡ್ಡೆಯನ್ನು ಶಸ್ತ್ರಕ್ರಿಯೆಯಿಂದ ತೆಗೆಯುತ್ತಾರೆ. 1990ರ ದಶಕದಿಂದೀಚೆಗೆ ಸೂಜಿಯ ಮೂಲಕ ರೇಡಿಯೋ ತರಂಗಗಳ ಶಾಖ ಕೊಟ್ಟು ಸುಡುವ ವಿಧಾನವೂ ಬಂದಿದೆ. ನರಗಳ ಸಮೀಪದಲ್ಲಿ ಅದಕ್ಕೆ ಬಹಳ ಎಚ್ಚರ ಬೇಕು. ನೋವು ಮೊದಲಾದ ಸುಮಾರು 15 ತಿಂಗಳೊಳಗೆ ಗಡ್ಡೆ ಹೋದರೆ ಬಾಗು ಬಹುಮಟ್ಟಿಗೆ ತಾನಾಗಿ ನೇರವಾಗುತ್ತದೆ. ತಡವಾದಷ್ಟೂ ಅದು ಉಳಿದುಬಿಡುವ ಸಂಭವ ಹೆಚ್ಚು. ನಾನು ನಕ್ಕು ಕಳೆದದ್ದು ಅದರಲ್ಲಿ ನಾಲ್ಕು ತಿಂಗಳು.

ಹುಡುಗನ ಅದೃಷ್ಟ, ಅವಧಿ ಮೀರಿರಲಿಲ್ಲ. ಶಸ್ತ್ರಕ್ರಿಯೆಯಾದ ಮೂರನೆಯ ರಾತ್ರಿ ವಾರ್ಡಿಗೆ ಹೋದಾಗ ಅವನು ಗಾಢ ನಿದ್ರೆಯಲ್ಲಿದ್ದ. ಮಂಚದ ಪಕ್ಕದಲ್ಲಿ, ಚಾಪೆಯ ಮೇಲೆ, ತಾಯಿಯೂ ನಿದ್ರಿಸಿದ್ದಳು. ಗಂಟೆ ಎರಡು ದಾಟಿತ್ತು.

ನಿಮ್ಮ ಮಗು ರಾತ್ರಿಯಲ್ಲಿ ಬೆನ್ನು ನೋವೆಂದು ಎದ್ದು ಕುಳಿತರೆ ದಯವಿಟ್ಟು ನಗಬೇಡಿ. ವೈದ್ಯರು ನಕ್ಕರೆ, ಆ ತಾಯಿಯಂತೆ ಮತ್ತೊಮ್ಮೆ ಹೋಗಿ ಕೇಳಿ.